ಎರಡನೆಯ ತರಗತಿಯ ಮಕ್ಕಳು ಏಳುವ ಮೊದಲು ಕಾಯಬಹುದೇ ಎಂಬ ಬಗ್ಗೆ

ದಿನಚರಿ ಬರವಣಿಗೆ ಶಾಖೆ
ಸಂಖ್ಯೆ: ದಿಬಶಾ/ಮೊದಲು-ಆಮೇಲೆ/೧೪

ವಿಷಯ: ಮಕ್ಕಳು ತಮ್ಮ ದಿನಚರಿಯನ್ನು ನಡೆದ ಕ್ರಮದಲ್ಲಿಯೇ ಬರೆಯುವ ಕುರಿತು.

ಉಲ್ಲೇಖ: (೧) ಹಲ್ಲುಜ್ಜುವುದು ತಿಂಡಿಗೆ ಮೊದಲೆಂದು ಇತ್ಯರ್ಥಪಡಿಸಿದ ಹಿಂದಿನ ಸುತ್ತೋಲೆ. (೨) ಎರಡನೆಯ ತರಗತಿಯ ಹುಡುಗಿಯೊಬ್ಬಳ ನೋಟುಬುಕ್ಕು, ಪುಟ ೯.

ಎಲ್ಲ ಶಾಲೆಗಳ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ:

೧. ಪ್ರತಿ ದಿನಚರಿಯೂ ‘ಏಳುತ್ತೇನೆ’ ಎಂಬಲ್ಲಿಂದಲೇ ಆರಂಭವಾಗತಕ್ಕದ್ದು. ಏಳದ ಮಗು ಹಲ್ಲುಜ್ಜತಕ್ಕದ್ದಲ್ಲ.

೨. ಒಂದು ಕಾಲುಚೀಲವನ್ನು ಹುಡುಕುವುದು ಪ್ರತಿದಿನದ ಸಂಗತಿಯೇ ಆಗಿದ್ದರೂ ಅದಕ್ಕೆ ಕ್ರಮಸಂಖ್ಯೆ ನೀಡಲಾಗದು. ಎರಡೂ ಸಿಕ್ಕಿವೆಯೆಂದು ಭಾವಿಸಿ ಮುಂದುವರಿಯತಕ್ಕದ್ದು.

೩. ಅಳುವುದನ್ನು ತಲೆಸ್ನಾನದೊಂದಿಗೆ ಸೇರಿಸಿ ಒಂದೇ ವಾಕ್ಯದಲ್ಲಿ ಮುಗಿಸತಕ್ಕದ್ದು.

೪. ಏಳುವ ಮೊದಲು ದೇವರನ್ನು ನೆನೆಯಲು ಮಾತ್ರ ಅನುಮತಿಯಿದೆ. ಅದಕ್ಕೆ ಕೈಕಾಲುಗಳ ಅಗತ್ಯವಿಲ್ಲವಾದ್ದರಿಂದ ಶಾಖೆಯ ಆಕ್ಷೇಪಣೆಯಿಲ್ಲ.

೫. ಹೀಗಿದ್ದರೂ ಸದರಿ ಹುಡುಗಿಯು, “ಮೊದಲು ಅಜ್ಜಿ ಕೂಗಲಿ ಅಂತ ಕಾಯ್ತೀನಿ. ಆಮೇಲೆ ನಾನೇ ಏಳ್ತೀನಿ” ಎಂದು ಬರೆದಿರುವುದು ಕಂಡುಬಂದಿದೆ. ಅಜ್ಜಿಯು ಮೂರು ತಿಂಗಳ ಹಿಂದೆಯೇ ತೀರಿಕೊಂಡಿರುತ್ತಾರೆ. ತೀರಿಕೊಂಡವರಿಗೆ ದಿನಚರಿಯಲ್ಲಿ ಕೆಲಸ ಹಂಚಲು ಅವಕಾಶವಿಲ್ಲ. ಆದಾಗ್ಯೂ ಶಿಕ್ಷಕಿಯು ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಗುರುತು ಹಾಕಿರುತ್ತಾರೆ.

೬. ಸಾಲನ್ನು ಹೊಡೆದುಹಾಕಬೇಕು, ತಪ್ಪಿದಲ್ಲಿ ತರಗತಿಯನ್ನು ಬೇರೆಯವರಿಗೆ ಒಪ್ಪಿಸಬೇಕು ಎಂದು ಶಿಕ್ಷಕಿಗೆ ಸೂಚಿಸಲಾಯಿತು. ಅವರ ಉತ್ತರ: “ಸ್ವಾಮಿ, ದಿನಾ ಅಜ್ಜೀನೇ ಅಡುಗೆಮನೆಯಿಂದ ಕೂಗಿ ಎಬ್ಬಿಸ್ತಿದ್ರು. ಮಗು ಆದದ್ದನ್ನ ಆದ ಹಾಗೇ ಬರೆದಿದೆ. ಅದರ ಮೇಲೆ ಗೆರೆ ಎಳೆಯೋಕೆ ನನ್ನ ಕೈ ಏಳಲ್ಲ. ಬೇಕಾದ್ರೆ ನೀವೇ ಬಂದು ಎಳೀರಿ.” ಕೈ ಏಳದಿರುವುದಕ್ಕೆ ವೈದ್ಯರ ಪ್ರಮಾಣಪತ್ರ ಕೇಳಲಾಯಿತು. ಲಗತ್ತಿಸಿಲ್ಲ.

೭. ಗೆರೆ ಎಳೆಯುವ ಸಲುವಾಗಿ ತನಿಖಾಧಿಕಾರಿಯನ್ನು ಕೆಂಪು ಪೆನ್ನು ಸಹಿತ ಮಗುವಿನ ಮನೆಗೆ ಕಳುಹಿಸಲಾಯಿತು. ಅವರು ಮಗು ಮಲಗುವ ಕೋಣೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಬರೆದು ಸಲ್ಲಿಸಿದ ವರದಿ ಹೀಗಿದೆ: “೬.೩೨: ಕಣ್ಣು ಬಿಟ್ಟಳು. ಏಳಲಿಲ್ಲ. ಅಡುಗೆಮನೆಯ ಕಡೆ ಕಿವಿಗೊಟ್ಟು ಮಲಗಿದ್ದಳು. ನಾನೂ ಕಿವಿಗೊಟ್ಟೆ, ಯಾಕೆಂದು ತಿಳಿಯದು. ಯಾರೂ ಕೂಗಲಿಲ್ಲ. ೬.೩೬: ತಾನೇ ಎದ್ದಳು, ಹೊದಿಕೆ ಮಡಚಿದಳು. ಪೆನ್ನನ್ನು ಬಳಸಿಲ್ಲ, ಹಿಂದಿರುಗಿಸಿದ್ದೇನೆ.”

೮. ಕಾಯುವುದು ಮೊದಲು, ಏಳುವುದು ಆಮೇಲೆ ಎಂಬುದು ಇದರಿಂದ ದೃಢಪಟ್ಟಿದೆ. ಕ್ರಮದಲ್ಲಿ ಲೋಪವಿಲ್ಲ. ಸಾಲನ್ನು ಉಳಿಸಿಕೊಳ್ಳತಕ್ಕದ್ದು. ಶಿಕ್ಷಕಿಯು ಅದೇ ತರಗತಿಯಲ್ಲಿ ಮುಂದುವರಿಯತಕ್ಕದ್ದು.

೯. ಆ ನಾಲ್ಕು ನಿಮಿಷಗಳಿಗೆ ಯಾವ ಕೆಲಸವನ್ನೂ ನಿಗದಿಪಡಿಸತಕ್ಕದ್ದಲ್ಲ. ಅವು ಎಷ್ಟು ದಿನಗಳವರೆಗೆ ಊರ್ಜಿತದಲ್ಲಿರುತ್ತವೆ ಎಂಬುದನ್ನು ನಿರ್ಧರಿಸುವ ಅಧಿಕಾರವು ಮಗುವಿಗೆ ಸೇರಿದ್ದು; ಮೇಲ್ಮನವಿಗೆ ಅವಕಾಶವಿಲ್ಲ.

(ಸಹಿ)
ಶಾಖಾಧಿಕಾರಿ
ದಿನಚರಿ ಬರವಣಿಗೆ ಶಾಖೆ

ಪ್ರತಿಗಳು:
೧. ಶಿಕ್ಷಕಿಯವರಿಗೆ, ನೋಟುಬುಕ್ಕಿನೊಂದಿಗೆ.
೨. ತನಿಖಾಧಿಕಾರಿಗಳಿಗೆ. ‘ಯಾಕೆಂದು ತಿಳಿಯದು’ ಎಂಬುದಕ್ಕೆ ಸಮಜಾಯಿಷಿ ಬೇಕಿಲ್ಲ.
೩. ಕಾಲುಚೀಲಗಳ ಉಪಸಮಿತಿಗೆ, ಮಾಹಿತಿಗಾಗಿ.
೪. ಮಗುವಿನ ತಾಯಿಯವರಿಗೆ, ೬.೩೨ರಿಂದ ೬.೩೬ರವರೆಗೆ ಪಾತ್ರೆಗಳ ಸದ್ದಾಗದಂತೆ ನೋಡಿಕೊಳ್ಳಬೇಕೆಂಬ ಕೋರಿಕೆಯೊಂದಿಗೆ.