ಹರಳಾಗಬಾರದ ಪುಡಿಯ ಪಾಡು

ಬೇರೆಯವರ ಸಂಶೋಧನೆಯ ಗತಿ ಹೇಗೋ ಗೊತ್ತಿಲ್ಲ, ನನ್ನದಕ್ಕೆ ಮಾತ್ರ ಊರಿನವರೆಲ್ಲ ಕೈಹಚ್ಚುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ನಾನು ಅಫಜಲಪುರದ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಪಿಎಚ್‌ಡಿಯ ಬೆನ್ನುಹತ್ತಿದವನು.

ಚಾಚಾನ ಪ್ರಶ್ನೆ

ಎದುರಿನ ಕಿರಾಣಿ ಅಂಗಡಿಯ ಚಾಚಾ ಒಮ್ಮೆ ಕೇಳಿದರು, "ಮಾಸ್ತರ, ನಾಕ್ ವರ್ಷ ಆತು, ಏನ್ ಮಾಡಾಕತ್ತೀರಿ?"

"ಒಂದು ಔಷಧ ಅದ ಚಾಚಾ. ಸಕ್ಕರಿಯಂಗ ಹರಳು ಹರಳು, ಆದರ ನೀರಾಗ ಕರಗಂಗಿಲ್ಲ, ನುಂಗಿದ್ರೂ ಮೈಗೆ ಹತ್ತಂಗಿಲ್ಲ. ಅದಕ್ಕ ಇನ್ನೊಂದು ಪುಡಿ ಕೂಡಿಸಿ, ಕಾಸಿ, ಗಪ್ಪನೆ ತಣಿಸಿ ಹರಳೇ ಇಲ್ಲದಂಗ ಮಾಡೇನಿ. ಈಗ ಕರಗ್ತದ. ಆದರ ಇಟ್ಟಲ್ಲೇ ಮತ್ತ ಹರಳಾಗಾಕ ನೋಡ್ತದ. ಆರು ತಿಂಗಳು ಹರಳಾಗದಂಗ ಇದ್ರ ನಾ ಪಾಸ್."

"ಅಂದ್ರ ನೆಟ್ಟಗಿದ್ದದ್ದು ಕೆಡಿಸಿ, ಅದು ಮತ್ತ ನೆಟ್ಟಗ ಆಗದಂಗ ಕಾಯ್ಕೋತ ಕುಂತೀರಿ. ಇದಕ್ಕ ಡಾಕ್ಟರ್ ಅಂತ ಕರೀತಾರಾ?"

ನನ್ನ ಗೈಡ್ ಕೂಡ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಬಸ್ಸಿನಲ್ಲಿ

ಪುಡಿಯನ್ನು ಪರೀಕ್ಷೆಗೆ ಇಟ್ಟು ಮೂರು ತಿಂಗಳಾದ ಮೇಲೆ ಚೂರು ಪುಡಿಯನ್ನು ಸೀಸೆಗೆ ಹಾಕಿಕೊಂಡು ಕಲಬುರಗಿ ಬಸ್ಸು ಹತ್ತಿದೆ. ಪುಡಿಯ ಎಕ್ಸ್‌ರೇ ತೆಗೆಯುವ ಯಂತ್ರ ಅಲ್ಲಿದೆ. ಹರಳಿದ್ದರೆ ಕಾಗದದ ಮೇಲೆ ಚೂಪು ಮೊನೆಗಳು ಏಳುತ್ತವೆ, ಇಲ್ಲದಿದ್ದರೆ ಬರೀ ಉಬ್ಬು. ಸೀಸೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ನೋಡಿದ.

"ಏನ್ರಿ ಅದು?"

"ಪುಡಿ. ಎಕ್ಸ್‌ರೇ ತೆಗೆಸಾಕ ಒಯ್ಯಾಕತ್ತೇನಿ."

"ಯಾಕ್ರಿ, ಮುರದದೇನು?"

"ನಾನೇ ಮುರದೇನಿ. ಮತ್ತ ಕೂಡಿಕೊಂಡಿಲ್ಲ ಅಂತ ನೋಡಬೇಕು."

ಚೌಡಾಪುರದಲ್ಲಿ ಬಸ್ಸು ತುಂಬಿ ತುಳುಕಿತು. ನನ್ನ ಪಕ್ಕದ ಸೀಟಿಗೆ ಮಾತ್ರ ಅವನು ಯಾರನ್ನೂ ಕೂಡಿಸಲಿಲ್ಲ.

ಮಾಳಿಗೆಯ ಬಿಸಿಲು

ಕಲಬುರಗಿಯ ಎಕ್ಸ್‌ರೇಯಲ್ಲಿ ಬರೀ ಉಬ್ಬೇ ಬಂತು. ಪುಡಿಯ ಉಳಿದ ಪಾಲು ಲ್ಯಾಬಿನ ಪೆಟ್ಟಿಗೆಯಲ್ಲಿ ತೆರೆದ ತಟ್ಟೆಯಲ್ಲಿತ್ತು. ಸೆಖೆ, ತೇವ ಎರಡನ್ನೂ ಬೇಕೆಂದೇ ಕೊಟ್ಟು ಪುಡಿಯನ್ನು ಪರೀಕ್ಷಿಸುವ ಪೆಟ್ಟಿಗೆ ಅದು. ಆರು ತಿಂಗಳು ತುಂಬಿದ ದಿನ ಬಾಗಿಲು ತೆಗೆದರೆ ತಟ್ಟೆ ಖಾಲಿ! ಲ್ಯಾಬ್ ಒರೆಸುವ ಆಯಿ ಹೆಮ್ಮೆಯಿಂದ ಒಂದು ಡಬ್ಬಿ ಕೈಗಿಟ್ಟಳು.

"ತೊಯ್ದು ಮುದ್ದಿ ಆಗಾಕತ್ತಿತ್ರಿ ಸರ. ನಿನ್ನಿ ಮಾಳಗಿ ಮ್ಯಾಲ ಬಿಸಲಿಗೆ ಹಾಕಿ, ಒಣಗಿಸಿ ತುಂಬೇನಿ."

ಇದ್ದದ್ದು ಅದೊಂದೇ ಪುಡಿ, ಒಯ್ದು ಎಕ್ಸ್‌ರೇ ತೆಗೆಸಿದೆ. ಚೂಪು ಮೊನೆಗಳು ಎದ್ದು ನಿಂತಿದ್ದವು. ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರನೆಯ ದಿನ ಗೈಡ್ ಆ ಮೊನೆಗಳನ್ನು ಅಳೆದು ನೋಡಿ ಹೇಳಿದರು, "ಇವು ನಿನ್ನ ಔಷಧದ್ದಲ್ಲೋ. ಔಷಧ ಇನ್ನೂ ಹರಳಾಗಿಲ್ಲ. ಇದು ಅಡಿಗಿ ಉಪ್ಪು! ಉಪ್ಪು ಕಲತದ್ದನ್ನ ಪ್ರಬಂಧದಾಗ ಬರೆಯಾಕ ಬರಂಗಿಲ್ಲ, ಮತ್ತ ಮೊದಲಿಂದ ಆರು ತಿಂಗಳು ಇಡು."

ಕುಣಿಯಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ನೇರ ಆಯಿಯ ಹತ್ತಿರ ಬಂದೆ.

"ಆಯಿ, ಯಾವ ಬಟ್ಟಿ ಮ್ಯಾಲ ಒಣಗಿಸಿದ್ದಿ?"

"ಉಪ್ಪು ಹಚ್ಚಿದ ಮೆಣಸಿನಕಾಯಿ ಒಣಗಿಸ್ತೀನಲ್ರಿ, ಅದೇ ಬಟ್ಟಿ. ಝಾಡಿಸೇ ಹಾಸೇನ್ರಿ."

ನನ್ನ ಮುಖ ನೋಡಿ ಆಕೆಗೆ ಕರುಳು ಚುರುಕ್ಕೆಂದಿರಬೇಕು. ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಯಾಕ್ರಿ ಸರ, ಉಪ್ಪು ಜಾಸ್ತಿ ಆತೇನು?"