ಕೊರಳಿಗೆ ಬಿದ್ದ ಪಾಟಿ ಸೀಟು

ಇಬ್ಬರು ಮಕ್ಕಳನ್ನು ಮೂರು ಗಂಟೆ ನೋಡಿಕೊಂಡು, ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಹನ್ನೊಂದೂವರೆಗೆ ಒಂದು ಶಾಲೆಯ ಬಾಗಿಲಿಗೆ ತಲುಪಿಸುವುದು ಅಂಥ ಘನಕಾರ್ಯವೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನಾನು ಕಾಲೇಜಿನಲ್ಲಿ ಗಣಿತ ಕಲಿಸುವವನು. ಒಂದೇ ಕೋಣೆಯಲ್ಲಿ ಎಪ್ಪತ್ತು ಜನರನ್ನು ಸುಮ್ಮನೆ ಕೂರಿಸಿದ ಅನುಭವ ಇದೆ. ಇವರು ಇಬ್ಬರೇ!

ಅಂದು ಮಗಳು ಚಿನ್ಮಯಿಯ ಶಾಲಾ ಪ್ರವೇಶದ ಸಂದರ್ಶನ. ಅವಳಿಗೆ ನಾಲ್ಕು ವರ್ಷ, ಸದ್ಯಕ್ಕೆ ಓಣಿಯ ತುದಿಯ ಪ್ಲೇ ಸ್ಕೂಲಿಗೆ ಹೋಗುತ್ತಾಳೆ. ದೊಡ್ಡ ಶಾಲೆ ಸೇರಬೇಕೆಂದರೆ ಈ ಕೋಲ್ಕತ್ತಾದಲ್ಲಿ ಮಗುವನ್ನಷ್ಟೇ ನೋಡುವುದಿಲ್ಲ, ಹೆತ್ತವರನ್ನೂ ಕೂರಿಸಿ ನೋಡುತ್ತಾರೆ. ಮೂರು ಶಾಲೆಗಳು ಈಗಾಗಲೇ ನಮ್ಮನ್ನು ನೋಡಿ, ಸಾಕು ಎಂದಿದ್ದವು. ಇದು ನಾಲ್ಕನೆಯದು. ಐದನೆಯದಕ್ಕೆ ಅರ್ಜಿ ಹಾಕುವ ದಿನ ಕಳೆದುಹೋಗಿತ್ತು.

ಹೆಂಡತಿ ಶೈಲಾ ಎಂಜಿನಿಯರ್. ಅವಳ ಆಫೀಸು ಗಾರ್ಡನ್ ರೀಚ್ ಕಡೆ, ನಮ್ಮ ಬಾಡಿಗೆ ಮನೆ ಬಾಲಿಗಂಜ್‌ನಲ್ಲಿ. ಅಂದು ಬೆಳಿಗ್ಗೆ ಅವಳಿಗೆ ತಪ್ಪಿಸಲಾಗದ ಒಂದು ತಪಾಸಣೆ ಇತ್ತು.

"ನಾ ಹನ್ನೊಂದೂವರೀಗೆ ಸೀದಾ ಸಾಲಿಗೇ ಬರ್ತೀನ್ರಿ. ನೀವು ಇವರಿಬ್ಬರನ್ನ ಕರ್ಕೊಂಡು ಬಂದ್ರ ಸಾಕು. ಆಗ್ತದಲ್ಲ?" ಎಂದು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು.

"ಆಗ್ತದ."

"ಖರೇನ ಆಗ್ತದ?"

"ಅದೇನ್ ದೊಡ್ಡ ಕೆಲಸ ಹೋಗ" ಎಂದೆ.

ಲಿಫ್ಟ್ ಇಳಿಯುವಾಗ ಅವಳ ಮುಖದಲ್ಲಿದ್ದ ಭಾವವನ್ನು ಆಗ ನಾನು ಮೆಚ್ಚುಗೆ ಎಂದು ತಿಳಿದಿದ್ದೆ.

ಮೊದಲ ಒಂದು ಗಂಟೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ನಾನು ಚುರುಕಾದೆ. ಸಮಯ ಉಳಿದಿದೆ, ಮಗನಿಗೆ ಶೌಚದ ಪಾಠವನ್ನೂ ಮುಗಿಸಿಬಿಡೋಣ ಎಂದುಕೊಂಡೆ. ಮಗ ಓಂಕಾರನಿಗೆ ಎರಡು ತುಂಬಲು ಇನ್ನೂ ಎರಡು ತಿಂಗಳು. ಕಮೋಡಿನ ಮೇಲೆ ಇಡಲೆಂದು ಅವನಿಗೊಂದು ಪಾಟಿ ಸೀಟು ತಂದಿದ್ದೆವು. ಹಳದಿ ಪ್ಲಾಸ್ಟಿಕ್ಕಿನ ದಪ್ಪ ಬಳೆಯಂಥದ್ದು, ಮುಂದೆ ಬಾತುಕೋಳಿಯ ಮುಖ. ತಂದು ಹದಿನೈದು ದಿನವಾದರೂ ಓಂಕಾರ ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಬಾತುಕೋಳಿಯನ್ನು ಕಂಡರೆ ಗೋಡೆಗೆ ಅಂಟಿಕೊಂಡು ಅಳುತ್ತಿದ್ದ.

"ಪಪ್ಪಾ, ಹಿ ಈಸ್ ಸ್ಕೇರ್ಡ್. ತುಮ್ ಪೆಹನೋ" ಎಂದಳು ಚಿನ್ಮಯಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಬೇರೆ ಊರುಗಳಿಂದ ಬರುತ್ತದೆ.

ನೀನೇ ತೊಟ್ಟುಕೋ ಎಂಬ ಸಲಹೆ ಸರಿ ಎನಿಸಿತು. ಸೀಟನ್ನು ಕಿರೀಟದಂತೆ ತಲೆಯ ಮೇಲಿಟ್ಟುಕೊಂಡೆ. ಓಂಕಾರ ಅಳು ನಿಲ್ಲಿಸಿದ. ಸ್ವಲ್ಪ ಒತ್ತಿ ಹಣೆಗೆ ಇಳಿಸಿದೆ. ನಕ್ಕ. ಮಗ ನಗುತ್ತಿರುವಾಗ ಯಾವ ತಂದೆ ಅಲ್ಲಿಗೇ ನಿಲ್ಲಿಸುತ್ತಾನೆ? ಇನ್ನೂ ಬಲವಾಗಿ ಒತ್ತಿದೆ. ಸೀಟು ಕಿವಿಗಳನ್ನು ಮಡಚಿಕೊಂಡು, ಮೂಗನ್ನು ಸವರಿಕೊಂಡು, ಕೊರಳಿಗೆ ಹಾರದಂತೆ ಬಂದು ಕೂತಿತು. "ಕ್ವ್ಯಾಕ್ ಕ್ವ್ಯಾಕ್" ಎಂದು ಕುಣಿದೆ. ಓಂಕಾರ ನಗುತ್ತ ನಗುತ್ತ ತಾನೇ ದೊಡ್ಡವರ ಕಮೋಡಿನತ್ತ ಕೈಚಾಚಿದ. ಹಿಡಿದು ಕೂರಿಸಿದೆ. ಕೆಲಸ ಆಯಿತು! ಹದಿನೈದು ದಿನ ಶೈಲಾಳ ಕೈಲಿ ಆಗದ್ದನ್ನು ನಾನು ಐದು ನಿಮಿಷದಲ್ಲಿ ಸಾಧಿಸಿದ್ದೆ.

ತೊಳೆಸಿ, ಚಡ್ಡಿ ಹಾಕಿ, ಸೀಟು ತೆಗೆಯಲು ಹೋದೆ.

ಬರಲಿಲ್ಲ.

ಒಳಗೆ ಹೋದದ್ದು ಹೊರಗೂ ಬರಲೇಬೇಕು, ಇದು ಸರಳ ಗಣಿತ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಗಣಿತದಲ್ಲಿ ಕಿವಿಗಳಿಲ್ಲ. ಮೇಲಿನಿಂದ ಬರುವಾಗ ವಿನಯದಿಂದ ಮಡಚಿಕೊಂಡಿದ್ದ ಕಿವಿಗಳು ಈಗ ಗೂಟಗಳ ಹಾಗೆ ಅಡ್ಡ ನಿಂತಿದ್ದವು. ಎಳೆದೆ. ಸೋಪು ಹಚ್ಚಿ ಎಳೆದೆ. ಕೊಬ್ಬರಿ ಎಣ್ಣೆ ಸುರಿದು ಎಳೆದೆ. ಓಂಕಾರ ಇದು ಆಟದ ಎರಡನೇ ಭಾಗ ಎಂದು ತಿಳಿದು ಬಾತುಕೋಳಿಯ ಕೊಕ್ಕು ಹಿಡಿದು ಜೋತುಬಿದ್ದ.

ಹತ್ತೂ ಕಾಲಿಗೆ ಶೈಲಾಳ ವಿಡಿಯೊ ಕರೆ ಬಂತು. ತೆಗೆಯದಿದ್ದರೆ ಅನುಮಾನ. ಫೋನನ್ನು ಎತ್ತರಕ್ಕೆ ಹಿಡಿದೆ.

"ತಯಾರಾದ್ರೇನ್ರಿ?"

"ಆಗೇಬಿಟ್ಟೇವಿ."

"ಬರೇ ನಿಮ್ಮ ಹಣಿ ಕಾಣಸಾಕತ್ತದ. ಯಾಕ ಹಂಗ್ ಹೊಳ್ಯಾಕತ್ತದ ಅದು?"

"ಸೆಕಿ ಭಾಳ ಐತಿ" ಎಂದು ಇಟ್ಟುಬಿಟ್ಟೆ. ನವೆಂಬರ್ ತಿಂಗಳು!

ಫೋನಿಟ್ಟು ತಿರುಗಿದರೆ ಚಿನ್ಮಯಿ ಇಲ್ಲ. ಬಾಗಿಲು ಹಾರುಹೊಡೆದಿತ್ತು. ಒಂದು ಕ್ಷಣ ನನ್ನ ಕೊರಳಲ್ಲಿ ಏನಿದೆ ಎಂಬುದೇ ಮರೆತುಹೋಯಿತು. ಓಂಕಾರನನ್ನು ಎತ್ತಿಕೊಂಡು ಮೆಟ್ಟಿಲಿಗೆ ಓಡಿದೆ. ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಅವಳ ಸ್ಪಷ್ಟವಾದ ಬಂಗಾಳಿ ಕೇಳಿಸಿತು: "ಕಾಕಿಮಾ! ಬಾಬಾ ಪಾಟಿತೇ ಆಟ್ಕೆ ಗೇಛೇ!"

ಅಂದರೆ, ಅಪ್ಪ ಪಾಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಆಕೆಯನ್ನು ಎಲ್ಲರೂ ಕಾಕಿಮಾ ಎನ್ನುತ್ತಾರೆ, ಅವರ ಯಜಮಾನರನ್ನು ಕಾಕು. ನಮ್ಮ ಧಾರವಾಡದಲ್ಲಿ ಕಾಕು ಎಂದರೆ ಚಿಕ್ಕಪ್ಪನ ಹೆಂಡತಿ. ಇಲ್ಲಿ ಕಾಕುಗೆ ಬಿಳಿ ಮೀಸೆ ಇದೆ. ಎರಡು ವರ್ಷದಲ್ಲಿ ಅವರೊಂದಿಗೆ ನನ್ನ ಮಾತುಕತೆ ಲಿಫ್ಟಿನಲ್ಲಿ ನಮಸ್ಕಾರ, "ಭಾಲೋ?", "ಭಾಲೋ", ಇಷ್ಟರಲ್ಲೇ ಮುಗಿಯುತ್ತಿತ್ತು.

ಆ ಸಂದೇಶದಿಂದ ಅವರು ಊಹಿಸಿಕೊಂಡ ದೃಶ್ಯವೇ ಬೇರೆ ಇರಬೇಕು. ಕಾಕಿಮಾ ಬಕೆಟ್ಟು, ಬಚ್ಚಲು ಬ್ರಷ್ಷು ಹಿಡಿದು ಹತ್ತಿ ಬಂದರು. ಹಿಂದೆ ಕಾಕು, ಕೈಯಲ್ಲಿ ಉದ್ದನೆಯ ಹಗ್ಗ! ಅವರ ಹಿಂದೆ ಎದುರು ಮನೆಯವರು, ಅವರ ಹಿಂದೆ ಇಸ್ತ್ರಿಯವನು. ಎಲ್ಲರೂ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ಎಣ್ಣೆ ಸುರಿಯುವ ತಲೆ, ಕೊರಳಲ್ಲಿ ಬಾತುಕೋಳಿ, ಕಂಕುಳಲ್ಲಿ ಮಗು.

ಬಕೆಟ್ಟನ್ನು ಕೆಳಗಿಟ್ಟು ಕಾಕಿಮಾ ನಿಟ್ಟುಸಿರು ಬಿಟ್ಟರು. "ಅಬ್ಬಾ, ಬರೀ ಇಷ್ಟೇನಾ!" ಎಂಬ ಅರ್ಥ ಬರುವಂತೆ ಬಂಗಾಳಿಯಲ್ಲಿ ಏನೋ ಹೇಳಿ, ಓಂಕಾರನನ್ನು ನನ್ನಿಂದ ಇಸಿದುಕೊಂಡರು.

ಅಲ್ಲಿಂದ ಮುಂದೆ ಆಡಳಿತ ಅವರ ಕೈಗೆ ಹೋಯಿತು. ಕೊಬ್ಬರಿ ಎಣ್ಣೆ ಹಚ್ಚಿದ್ದಕ್ಕೆ ಬೈದರು. ಸಾಸಿವೆ ಎಣ್ಣೆಯಿಂದ ಆಗದ ಕೆಲಸ ಯಾವುದಿದೆ ಎಂದು ಅರ್ಧ ಬಾಟಲಿ ನನ್ನ ಕಿವಿಗಳಿಗೆ ಸುರಿದರು. ಕಣ್ಣು ಉರಿಯಿತು, ಸೀಟು ಅಲುಗಲಿಲ್ಲ. ಎದುರು ಮನೆಯವರು ಒಂದು ಕಡೆ, ಇಸ್ತ್ರಿಯವನು ಒಂದು ಕಡೆ ಹಿಡಿದು ಎಳೆದರು. ನಾನು ಕಿರುಚಿದ್ದು ರಸ್ತೆಯ ಆಚೆಗೂ ಕೇಳಿಸಿತಂತೆ. ಕಾಕು ಮಾತ್ರ ಶಾಂತವಾಗಿ ಕಿವಿ ಪರೀಕ್ಷಿಸಿ, "ಊತ ಬಂದಿದೆ" ಎಂದು ಹೋಮಿಯೋಪತಿಯ ನಾಲ್ಕು ಗುಳಿಗೆ ಬಾಯಿಗೆ ಹಾಕಿದರು. ಸಿಹಿಯಾಗಿದ್ದವು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಅಷ್ಟೇ.

"ಹನ್ನೊಂದೂವರೆಗೆ ಇವಳ ಸಂದರ್ಶನ ಇದೆ" ಎಂದೆ ಅಳುವ ದನಿಯಲ್ಲಿ.

ಕಾಕಿಮಾ ಗಡಿಯಾರ ನೋಡಿದರು. ಹತ್ತೂ ನಲವತ್ತು. ಮೂರು ಮಾತಿನಲ್ಲಿ ಮೂವರನ್ನು ಮೂರು ಕಡೆ ಓಡಿಸಿದರು. ಇಸ್ತ್ರಿಯವನು ನನ್ನ ಅಂಗಿ ತೀಡಲು ಹೋದ. ಎದುರು ಮನೆಯವರು ನಲ್ಲಿ ರಿಪೇರಿಯ ಮಿಸ್ತ್ರಿಯನ್ನು ಕರೆತರಲು ಹೋದರು. ಕಾಕು ಕಾರು ತೆಗೆಯಲು ಹೋದರು. ತಾವು ಚಿನ್ಮಯಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದರು. ಜಡೆ ಹೆಣೆಯುತ್ತಲೇ ಓಂಕಾರನ ಬಾಯಿಗೆ ಪೂರಿಯಂಥ ಲೂಚಿ ತುರುಕಿದರು. ನಾನು ಮೂರು ಗಂಟೆಯಲ್ಲಿ ಮಾಡಬೇಕಾಗಿದ್ದನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ಅದೂ ಅರ್ಧ ಗಮನದಲ್ಲಿ.

ಮಿಸ್ತ್ರಿ ಬಂದ. ನರೆತ ಗಡ್ಡದ ಗಂಭೀರ ಮನುಷ್ಯ. ಸೀಟನ್ನು ಬೆರಳಲ್ಲಿ ತಟ್ಟಿ ನೋಡಿ, ಚೀಲದಿಂದ ಗರಗಸ ತೆಗೆದ. ಕೊರಳಿಗೂ ಪ್ಲಾಸ್ಟಿಕ್ಕಿಗೂ ನಡುವೆ ಇಡಲು ಏನಾದರೂ ಗಟ್ಟಿಯಾದದ್ದು ಬೇಕು ಎಂದ. ಕಾಕಿಮಾ ತಮ್ಮ ಮನೆಯಿಂದ ಮೀನು ಮಗುಚುವ ಸ್ಟೀಲಿನ ಸೌಟು ತಂದರು. ನಾನು ಹುಟ್ಟಾ ಸಸ್ಯಾಹಾರಿ. ಆದರೆ ಸೌಟಿನ ಪೂರ್ವಾಪರ ವಿಚಾರಿಸುವ ಸ್ಥಿತಿಯಲ್ಲಿ ಇರಲಿಲ್ಲ. ಅದು ನನ್ನ ಗಂಟಲಿನ ಪಕ್ಕ ತಣ್ಣಗೆ ಕೂತಿತು.

ಗರಗಸದ ಮೊದಲ ಸದ್ದಿಗೇ ಓಂಕಾರ ಚೀರಿದ. ಅಲ್ಲಿಯವರೆಗೆ ಅವನಿಗೆ ಎಲ್ಲವೂ ಆಟವಾಗಿತ್ತು. ಈಗ ಯಾರೋ ಗಡ್ಡದವನು ಅಪ್ಪನ ಕುತ್ತಿಗೆ ಕೊಯ್ಯುತ್ತಿದ್ದಾನೆ! "ಪಪ್ಪಾ ಬೇಡಾ! ಪಪ್ಪಾ ಬೇಡಾ!" ಎಂದು ಕಾಕಿಮಾರ ತೋಳಿಂದ ಜಾರಿ ಬಂದು ನನ್ನ ಹೆಬ್ಬೆರಳು ಹಿಡಿದುಕೊಂಡ. ನಾನು ಇನ್ನೊಂದು ಕೈಯಿಂದ ಅವನ ತಲೆ ಸವರಿದೆ.

ಮಿಸ್ತ್ರಿ ಗರಗಸ ಕೆಳಗಿಟ್ಟ. ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಜೇಬಿನ ಟಾರ್ಚು ತೆಗೆದು ಅವನ ಕೈಗೆ ಕೊಟ್ಟ. "ನೀನು ಬೆಳಕು ಹಿಡಿ. ನೀನು ಹಿಡಿದರೇ ನಾನು ಕೆಲಸ ಮಾಡೋದು" ಎಂದು ಹಿಂದಿಯಲ್ಲಿ, ಸಮವಯಸ್ಕನಿಗೆ ಹೇಳುವಂತೆ ಹೇಳಿದ. ಓಂಕಾರ ಬಿಕ್ಕುತ್ತ ಬಿಕ್ಕುತ್ತ ಟಾರ್ಚು ಹಿಡಿದ. ಬೆಳಕು ಬಿದ್ದದ್ದು ನನ್ನ ಮೂಗಿನ ಹೊಳ್ಳೆಗೆ. ಆದರೂ ಮಿಸ್ತ್ರಿ ಎರಡು ಸಲ ನಿಲ್ಲಿಸಿ, "ಸರಿಯಾಗಿ ಹಿಡಿದಿದ್ದೀಯ" ಎಂದು ಹೊಗಳಿದ.

ಒಂದು ಕಡೆ ಕೊಯ್ದರೆ ಸಾಲಲಿಲ್ಲ, ಇನ್ನೊಂದು ಕಡೆಯೂ ಕೊಯ್ಯಬೇಕಾಯಿತು. ಹನ್ನೊಂದೂ ಹತ್ತಕ್ಕೆ ಬಾತುಕೋಳಿ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ! ಕೊರಳ ಸುತ್ತ ಕುಂಕುಮ ಬಣ್ಣದ ಒಂದು ಬರೆ ಮೂಡಿತ್ತು. ಸ್ನಾನಕ್ಕೆ ಸಮಯವಿಲ್ಲ. ಕಾಕು ತಮ್ಮ ಉಣ್ಣೆಯ ಮಫ್ಲರನ್ನೇ ಬಿಚ್ಚಿ ನನ್ನ ಕೊರಳಿಗೆ ಸುತ್ತಿದರು. ಕೋಲ್ಕತ್ತಾದಲ್ಲಿ ನವೆಂಬರಿನ ಮಫ್ಲರನ್ನು ಯಾರೂ ಪ್ರಶ್ನಿಸುವುದಿಲ್ಲ ಎಂದು ಧೈರ್ಯ ಹೇಳಿದರು.

ಕಾಕುವಿನ ಕಾರು ಪೂಜೆಯ ದಿನಗಳಲ್ಲಿ ಮಾತ್ರ ಹೊರಗೆ ಬರುವ ಹಳೆಯ ಗಾಡಿ. ಟ್ರಾಮಿಗೂ ದಾರಿ ಬಿಟ್ಟು, ಕೈಗಾಡಿಗೂ ದಾರಿ ಬಿಟ್ಟು, ಹನ್ನೊಂದೂ ಮೂವತ್ತೆರಡಕ್ಕೆ ಶಾಲೆ ಮುಟ್ಟಿಸಿದರು. ಗೇಟಿನಲ್ಲಿ ಶೈಲಾ ನಿಂತಿದ್ದಳು. ಮಗಳ ಜಡೆ ನೋಡಿದಳು, ಮಗನ ಬಟ್ಟೆ ನೋಡಿದಳು, ಅಚ್ಚರಿಪಟ್ಟಳು. ಆಮೇಲೆ ಗಾಳಿ ನನ್ನ ಕಡೆಯಿಂದ ಬೀಸಿತು.

"ಇದೇನ್ರಿ ವಾಸನಿ? ಉಪ್ಪಿನಕಾಯಿ ಭರಣಿಯೊಳಗ ಬಿದ್ದಿದ್ರೇನು?"

"ಆಮ್ಯಾಲ ಹೇಳ್ತೀನಿ."

ಜೊತೆಗೇ ಬಂದಿದ್ದ ಕಾಕಿಮಾ ಓಂಕಾರನನ್ನು ಕಾರಿನಲ್ಲೇ ಇಟ್ಟುಕೊಂಡರು. ನಾವು ಮೂವರು ಒಳಗೆ ಹೋದೆವು.

ಮುಖ್ಯೋಪಾಧ್ಯಾಯಿನಿ ಗಂಭೀರ ಮುಖದ ಹಿರಿಯ ಮಹಿಳೆ. ಚಿನ್ಮಯಿಗೆ ಒಂದು ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು, "ಇದೇನು ಆಕಾರ?"

"ಸರ್ಕಲ್."

"ಭೇಷ್! ಸರ್ಕಲ್ ಎಲ್ಲೆಲ್ಲಿ ನೋಡಿದ್ದೀಯ?"

ಸೂರ್ಯ, ಚಕ್ರ, ಚಪಾತಿ ಎಂದು ಶೈಲಾ ತಿಂಗಳುಗಟ್ಟಲೆ ಹೇಳಿಕೊಟ್ಟಿದ್ದಳು. ಚಿನ್ಮಯಿ ಒಂದು ಕ್ಷಣ ಯೋಚಿಸಿ, ನನ್ನ ಕಡೆ ಬೆರಳು ತೋರಿಸಿದಳು.

"ಪಪ್ಪಾಸ್ ನೆಕ್!"

ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ. ಅವಳು ಇಡೀ ಕಥೆಯನ್ನು ಮೂರು ಭಾಷೆಗಳಲ್ಲಿ, ಕ್ವ್ಯಾಕ್ ಕ್ವ್ಯಾಕ್ ಸಮೇತ, ಎದ್ದು ನಿಂತು ಅಭಿನಯಿಸಿ ತೋರಿಸಿದಳು. ಶೈಲಾ ನಿಧಾನವಾಗಿ ನನ್ನತ್ತ ತಿರುಗಿದಳು. ನಾನು ಗೋಡೆಯ ಮೇಲಿನ ಭೂಪಟದಲ್ಲಿ ಕರ್ನಾಟಕವನ್ನು ಹುಡುಕುತ್ತಿದ್ದೆ. ಕೊನೆಗೆ ಸಾಕ್ಷಿಗಾಗಿ ಮಫ್ಲರನ್ನೂ ಬಿಚ್ಚಬೇಕಾಯಿತು. ಮುಖ್ಯೋಪಾಧ್ಯಾಯಿನಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು, ಆಮೇಲೆ ಕಣ್ಣಿಗೆ.

ನಗು ಮುಗಿದ ಮೇಲೆ ನಮ್ಮ ಅರ್ಜಿ ತಿರುವಿದರು. "ಇಲ್ಲೊಂದು ಜಾಗ ಖಾಲಿ ಬಿಟ್ಟಿದ್ದೀರಿ. ತುರ್ತು ಸಂದರ್ಭದಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು? ಈ ಊರಿನಲ್ಲಿ ನಿಮಗೆ ಯಾರಿದ್ದಾರೆ?"

ಅರ್ಜಿ ತುಂಬುವಾಗ ನಾನೂ ಶೈಲಾಳೂ ಆ ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದೆವು. ನಮ್ಮವರೆಲ್ಲ ಎರಡು ದಿನದ ರೈಲಿನಷ್ಟು ದೂರ. ಯಾರ ಹೆಸರೂ ಹೊಳೆಯದೆ ಹಾಗೇ ಬಿಟ್ಟಿದ್ದೆವು. ಈಗ ಕಿಟಕಿಯಾಚೆ ನೋಡಿದೆ. ಗೇಟಿನ ಹೊರಗೆ ಕಾಕು ಕಾರಿನ ಬಾನೆಟ್ಟಿನ ಮೇಲೆ ಓಂಕಾರನನ್ನು ಕೂರಿಸಿ ಹಾರ್ನ್ ಬಾರಿಸುವುದನ್ನು ವಿವರಿಸುತ್ತಿದ್ದರು. ಕಾಕಿಮಾ ನಮ್ಮ ಕಿಟಕಿಯ ಕಡೆಗೇ ಮುಖ ಮಾಡಿ, ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು.

"ಪೆನ್ ಕೊಡ್ತೀರಾ ಮೇಡಂ?" ಎಂದೆ. ಇಬ್ಬರ ಹೆಸರನ್ನೂ ಬರೆದೆ. ಸಂಬಂಧ ಎಂಬ ಕಡೆ ಶೈಲಾ ಪೆನ್ನು ಕಸಿದುಕೊಂಡು, ಕಾಕಾ–ಕಾಕು ಎಂದು ನಮ್ಮ ಧಾರವಾಡದ ಲೆಕ್ಕದಲ್ಲೇ ಬರೆದಳು.

ಮರುವಾರ ಪ್ರವೇಶ ಸಿಕ್ಕಿತು ಎಂಬ ಪತ್ರ ಬಂತು. ಶೈಲಾ ಹೋಳಿಗೆ ಮಾಡಿದಳು. ಇಸ್ತ್ರಿಯವನಿಗೆ, ಮಿಸ್ತ್ರಿಗೆ, ಎದುರು ಮನೆಗೆ ಕೊಟ್ಟು, ದೊಡ್ಡ ಡಬ್ಬಿ ಹಿಡಿದು ನಾನೇ ಕೆಳಗಿನ ಮನೆಗೆ ಹೋದೆ. ಏನೆಂದು ಕೃತಜ್ಞತೆ ಹೇಳಬೇಕು ಎಂದು ಮೆಟ್ಟಿಲಿಳಿಯುತ್ತ ಬಂಗಾಳಿಯಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಕಾಕಿಮಾ ಬಾಗಿಲು ತೆಗೆದವರೇ ಮುಖ ಅರಳಿಸಿ ಒಳಗೆ ಕೂಗಿ ಹೇಳಿದರು:

"ಓಗೋ ಶುನ್‌ಛೋ, ಪಾಟಿಬಾಬು ಎಸೇಛೇನ್!"

ಕೇಳಿದಿರಾ, ಪಾಟಿಬಾಬು ಬಂದಿದ್ದಾರೆ, ಎಂದು ಗಂಡನಿಗೆ. ನನ್ನ ಅಡ್ಡಹೆಸರು ಪಾಟೀಲ. ಪರಭಾಷೆಯವರ ನಾಲಿಗೆಯಲ್ಲಿ ಹೆಸರಿನ ತುದಿ ಸವೆಯುವುದು ಸಹಜ. ಮೇಷ್ಟರ ಅಭ್ಯಾಸ, ವಿನಯದಿಂದ ತಿದ್ದಿದೆ.

"ಪಾಟೀಲ, ಕಾಕಿಮಾ. ಕೊನೆಗೆ ಒಂದು 'ಲ' ಇದೆ."

ಕಾಕಿಮಾ ನನ್ನ ಕೈಯಿಂದ ಹೋಳಿಗೆಯ ಡಬ್ಬಿ ತೆಗೆದುಕೊಂಡರು.

"ಗೊತ್ತು" ಎಂದರು.