ಗಾಡಿಯಡಿ ಸಿಕ್ಕಿದ ಭಾವನ ಮೀಸೆ

ಕೆಲವರಿಗೆ ಪುಸ್ತಕ ಓದುವುದಕ್ಕಿಂತ ಅದಕ್ಕೆ ರಟ್ಟು ಹಾಕುವುದರಲ್ಲೇ ಸುಖ. ನಾನೂ ಆ ಪೈಕಿ. ಹುಣಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವ ನಾನು ಬಿಡುವಿನಲ್ಲಿ ವಿಡಿಯೋ ಗೇಮುಗಳನ್ನು ಕೂಡಿಡುತ್ತೇನೆ. ಆಡುತ್ತೇನೆ ಎನ್ನಲಿಲ್ಲ, ಗಮನಿಸಿ. ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಪ್ರತಿ ಆಟಕ್ಕೂ ಸರಿಯಾದ ಮುಖಚಿತ್ರ ಹುಡುಕಿ ಅಂಟಿಸುವುದು, ಬಂದ ವರ್ಷ, ಮಾಡಿದವರ ಹೆಸರು, ಆಟದ ಬಗೆ, ಕಥೆ ಎಲ್ಲ ತುಂಬುವುದು, ಇಷ್ಟರಲ್ಲೇ ರಜೆ ಮುಗಿದುಹೋಗುತ್ತದೆ. ಆದರೆ ಮುಖಚಿತ್ರಗಳೆಲ್ಲ ಸಾಲಾಗಿ ಪರದೆಯ ಮೇಲೆ ಮೂಡಿದಾಗ ಇವತ್ತಿಗೂ ಮೈ ಜುಂ ಎನ್ನುತ್ತದೆ. ಹಿಮ ಬಿದ್ದ ಕೋಟೆ, ಸಮುದ್ರದಡಿಯ ಊರು, ಎರಡು ಚಂದ್ರರಿರುವ ಆಕಾಶ! ಎಲ್ಲೋ ಯಾರೋ ಕೂತು ಒಂದೊಂದು ಎಲೆಯನ್ನೂ ಬಿಡಿಸಿದ್ದಾರೆ. ಅವರಿಗೆ ಕೈಮುಗಿಯಬೇಕು ಅನಿಸುತ್ತದೆ. ನನ್ನ ಹೆಂಡತಿ ಸವಿತಾ ಮಾತ್ರ, "ಮೊದ್ಲು ಟಿವಿ ಮುಂದಿಂದ ಏಳ್ರೀ, ಕಸ ಗುಡಿಸ್ಬೇಕು" ಎನ್ನುತ್ತಾಳೆ.

ಈ ಸಾಲಿನಲ್ಲಿ ಒಂದೇ ಒಂದು ಕೊರತೆ ಇತ್ತು. ಹಳೆಯದೊಂದು ಕಾರ್ ರೇಸಿನ ಆಟ. ಅದರ ಮುಖಚಿತ್ರ ಇಡೀ ಇಂಟರ್ನೆಟ್ ಜಾಲಾಡಿದರೂ ಸಿಗಲಿಲ್ಲ. ಅದರ ಜಾಗದಲ್ಲಿ ಬರೀ ಬೂದು ಚೌಕ. ಅದನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಫ್ಲೆಕ್ಸ್ ಮಾಡುವ ಇಮ್ತಿಯಾಜ್‌ನ ಅಂಗಡಿಗೆ ಹೋದೆ. ನಮ್ಮ ಗೃಹಪ್ರವೇಶದ ಫ್ಲೆಕ್ಸ್ ಮಾಡಿದವನೂ ಅವನೇ. "ಒಂದು ಕಾರು, ಹಿಂದೆ ಬೆಟ್ಟ, ಮೇಲೆ ಆಟದ ಹೆಸರು, ಅಷ್ಟೇ" ಎಂದೆ.

ಸಂಜೆಗೆ ಚಿತ್ರ ಮೊಬೈಲಿಗೆ ಬಂತು. ಕಾರಿನ ಹೊಳಪು, ಬೆಟ್ಟದ ನೆರಳು ನೋಡಿ ನಾನು ಬೆರಗಾದೆ. ಆಮೇಲೆ ಕೆಳಗೆ ನೋಡಿದೆ. ದುಂಡು ದುಂಡು ಚೌಕಟ್ಟುಗಳಲ್ಲಿ ನಮ್ಮ ನೆಂಟರಿಷ್ಟರೆಲ್ಲ "ಶುಭ ಕೋರುವವರು" ಎಂದು ಕೈಮುಗಿದು ನಿಂತಿದ್ದರು! ಗೃಹಪ್ರವೇಶದ ಫೋಟೋಗಳು ಅವನ ಕಂಪ್ಯೂಟರಿನಲ್ಲೇ ಇದ್ದವಂತೆ. "ಬರೀ ಗಾಡಿ ಇದ್ರೆ ಖಾಲಿ ಖಾಲಿ ಕಾಣ್ತದೆ ಸಾರ್. ಮನೆಯವ್ರೆಲ್ಲ ಇರ್ಲಿ ಅಂತ ಹಾಕ್ಬುಟ್ಟೆ" ಎಂದ ಇಮ್ತಿಯಾಜ್. ಬೂದು ಚೌಕ ಹೋದರೆ ಸಾಕೆಂದು ನಾನೂ ಅಂಟಿಸಿದೆ. ಸವಿತಾ ಖುಷಿಯಾಗಿ ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು.

ತಕ್ಷಣ ಹಾರನಹಳ್ಳಿಯಿಂದ ಅವಳ ಅಣ್ಣನ ಫೋನು. "ಅಲ್ಲ ಮೇಷ್ಟ್ರೇ, ಎಲ್ಲಾರ್ ಮಕಾನೂ ಆಕ್ಸಿ ನನ್ ಮ್ಯಾಲ್ ಮಾತ್ರ ಗಾಡಿ ಅತ್ಸಿದ್ದೀರಲ್ಲ!" ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕಾರಿನ ಮುಂದಿನ ಚಕ್ರದಡಿಯಿಂದ ಭಾವನ ಮೀಸೆಯ ತುದಿಯೊಂದು ಇಣುಕುತ್ತಿತ್ತು.

ನಮ್ಮ ಕಡೆ ಫ್ಲೆಕ್ಸಿನಲ್ಲಿ ಮುಖ ಬಿಟ್ಟುಹೋಗುವುದೆಂದರೆ ಮದುವೆಗೆ ಕರೆಯದೇ ಇದ್ದಷ್ಟೇ ದೊಡ್ಡ ವಿಷಯ. ಅದೂ ಗೌರಿ ಹಬ್ಬ ಹತ್ತಿರ ಬಂದಿತ್ತು. ಪ್ರತಿ ವರ್ಷ ತಂಗಿಗೆ ಬಾಗಿನ ತರುವ ಭಾವ ಈ ಸಲ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಸವಿತಾ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅಪ್ಪ ಹೋದ್ಮೇಲೆ ಅಣ್ಣ ಒಂದ್ ವರ್ಷಾನೂ ತಪ್ಸಿರ್ಲಿಲ್ಲ ಕಣ್ರೀ" ಎಂದಷ್ಟೇ ಹೇಳಿ ಒಳಗೆ ಹೋದಳು. ಇದಕ್ಕಿಂತ ಆ ಬೂದು ಚೌಕವೇ ಎಷ್ಟೋ ವಾಸಿಯಿತ್ತು ಅನಿಸಿತು.

ಇಮ್ತಿಯಾಜ್‌ನ ಅಂಗಡಿಗೆ ಓಡಿದೆ. ಅವನು ಶುಭ ಕೋರುವವರನ್ನೆಲ್ಲ ತೆಗೆದು, ಭಾವನೊಬ್ಬರನ್ನೇ ಸ್ಟೇರಿಂಗ್ ಹಿಡಿಸಿ ಕಾರಿನೊಳಗೆ ಕೂರಿಸಿದ. ಗುಂಪಿಗೆ ಹಾಕಿದೆ.

ಹಬ್ಬದ ಬೆಳಿಗ್ಗೆ ಬಾಗಿಲಲ್ಲಿ ಬೈಕಿನ ಸದ್ದು. ಭಾವ! ಬಾಗಿನದ ಮೊರಗಳನ್ನು ತಂಗಿಯ ಕೈಗಿತ್ತು, ನನ್ನ ಮುಖ ನೋಡದೆ, "ಎಲ್ಲಿ, ಟಿವೀಲಿ ದೊಡ್ಡದಾಗಿ ತೋರ್ಸಿ" ಎಂದರು. ತೋರಿಸಿದೆ. ಅವರು ತಮ್ಮ ಮುಖ ಹುಡುಕುವುದನ್ನೇ ಮರೆತು, ಇಡೀ ಸಾಲನ್ನು ನೋಡುತ್ತಾ ನಿಂತುಬಿಟ್ಟರು.

"ಏನ್ ಮೇಷ್ಟ್ರೇ ಇದು! ಒಂದೊಂದ್ ಚೌಕದಾಗೂ ಒಂದೊಂದ್ ಲೋಕ ಐತಲ್ಲಾ!"

ನನಗೆ ಎದೆ ತುಂಬಿಬಂತು. ನನ್ನ ಬೆರಗು ಇನ್ನೊಬ್ಬರ ಕಣ್ಣಿನಲ್ಲಿ ಕಂಡದ್ದು ಅದೇ ಮೊದಲು. ಯಾವ ಆಟ ಯಾವ ವರ್ಷದ್ದು, ಯಾರು ಮಾಡಿದ್ದು ಎಂದು ಉಸಿರು ಬಿಡದೆ ಹೇಳತೊಡಗಿದೆ. ಭಾವ ಹಿಮದ ಕೋಟೆಗೆ ಬೆರಳಿಟ್ಟು, "ಇದ್ರೊಳಗೆ ಏನದೆ?" ಎಂದರು. ನಾನೇ ತುಂಬಿದ್ದ ವಿವರಣೆಯನ್ನು ಓದಿ ಹೇಳಿದೆ.

"ಅದು ಬರ್ದಿರೋದು, ಬುಡಿ. ನೀವ್ ಒಳಗ್ ಓಗಿ ಏನ್ ನೋಡಿದ್ರಿ, ಅದ್ ಯೋಳಿ."

ಒಳಗೆ ಹೋಗಿದ್ದರಲ್ಲವೇ ಹೇಳುವುದು! ಸವಿತಾ ಮೊರದ ಮರೆಯಲ್ಲಿ ನಗುತ್ತಿದ್ದಳು.

ಭಾವ ತಮ್ಮ ಮುಖವಿದ್ದ ಆಟವನ್ನೇ ಹಾಕಿಸಿಕೊಂಡರು. ಉಳಿದ ಕಾರುಗಳೆಲ್ಲ ಸುಂಯ್ ಎಂದು ಮುಂದೆ ಹೋದವು. ಇವರು ಬೆಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅಲ್ಲಿ ಮುಳುಗುತ್ತಿದ್ದ ಸೂರ್ಯನನ್ನು ನೋಡುತ್ತಾ ಕುಳಿತರು. ಆ ಆಟದೊಳಗೆ ಅಂಥದ್ದೊಂದು ಆಕಾಶವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. "ಎಷ್ಟ್ ಚೆಂದಾಗೈತೆ ನೋಡ್ರಿ" ಎಂದರು ಭಾವ, ಮೆಲ್ಲಗೆ. ನನ್ನ ಕಣ್ಣೂ ಮಂಜಾಯಿತು. ನೋಡುತ್ತಾ ಕೂರಬೇಕಾದ ಹೊತ್ತು ಅದು. ನನ್ನ ಕೈ ಮಾತ್ರ ಆಗಲೇ ಪರದೆಯ ಚಿತ್ರ ಹಿಡಿದಿಡಲು ಕೀಬೋರ್ಡಿನ ಕಡೆ ಹೋಗಿತ್ತು: ಆ ಸೂರ್ಯಾಸ್ತ ಮುಖಚಿತ್ರಕ್ಕೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು.